ಮೂರನೇ ತೊಟ್ಟಿಯ ಗೆಂಡೆ ಮೀನು ಹಾಗೂ ಕ್ರಿಸ್ಮಸ್ಸಿನ ಏಕರೂಪತೆ ಕುರಿತು

ಆಸ್ಪತ್ರೆ ಬಟ್ಟೆ ಒಗೆಯುವ ವಿಭಾಗ
(ನೆಲಮಾಳಿಗೆ, ಬಾಯ್ಲರ್ ಕೋಣೆಯ ಪಕ್ಕ, ಹಬೆ ಬರುತ್ತಿರುವ ಬಾಗಿಲು)

ಸಂಖ್ಯೆ: ಬಒವಿ/ಹಬ್ಬ/ಮೀನು/3/ಅತಿ ತುರ್ತು
ದಿನಾಂಕ: ಡಿಸೆಂಬರ್ 24 (ಟ್ರಾಲಿ ಚಿಕ್ಕಪ್ಪನವರ ಲೆಕ್ಕದಲ್ಲಿ ಡಿಸೆಂಬರ್ 11)

ಸುತ್ತೋಲೆ

ವಿಷಯ: ವಿಭಾಗದ ಸಿಬ್ಬಂದಿಯು ತಂತಮ್ಮ ದೇಶದ ಪದ್ಧತಿಯಂತೆ ಕ್ರಿಸ್ಮಸ್ ಆಚರಿಸುತ್ತಿರುವುದರಿಂದ ಉಂಟಾಗಿರುವ ಗೊಂದಲದ ನಿವಾರಣೆ, ಹಾಗೂ ಮೂರನೇ ಜಾಲಿಸುವ ತೊಟ್ಟಿಯಲ್ಲಿ ಈಜುತ್ತಿರುವ ಗೆಂಡೆ ಮೀನನ್ನು ಇಂದು ಸಂಜೆ ಕರಿಯಬೇಕೇ ಬೇಡವೇ ಎಂಬ ಬಗ್ಗೆ.

ಉಲ್ಲೇಖ:
1. ಬಾಯ್ಲರ್ ಅಣ್ಣನವರ ಮೌಖಿಕ ಮನವಿ ("ನಾಲ್ಕೇ ನಾಲ್ಕು ದಿನ ಮೇಡಂ, ಯಾರಿಗೂ ಗೊತ್ತಾಗಲ್ಲ").
2. ಮೇಲಿನ ಮಹಡಿಯ ಮುಖ್ಯ ದಾದಿಯವರ ಮೌಖಿಕ ವಿಚಾರಣೆ ("ದಿಂಬಿನ ಕವರೆಲ್ಲ ಎಲ್ಲಿ ಹೋದ್ವು?").
3. ಅದೇ ದಾದಿಯವರ ಎರಡನೇ ಮೌಖಿಕ ವಿಚಾರಣೆ (ಬರಹಕ್ಕೆ ಇಳಿಸಲು ಯೋಗ್ಯವಾಗಿಲ್ಲ).

ಪ್ರಸ್ತಾವನೆ:

ಈ ವಿಭಾಗದಲ್ಲಿ ಒಗೆಯುವವರು, ಹಿಂಡುವವರು, ಇಸ್ತ್ರಿ ಹಾಕುವವರು, ಮಡಚುವವರು, ಹರಿದದ್ದನ್ನು ಹೊಲಿಯುವವರು ಎಲ್ಲರೂ ಬೇರೆ ಬೇರೆ ದೇಶಗಳಿಂದ ಬಂದವರಾಗಿದ್ದು, ರಕ್ತದ ಕಲೆಗೆ ತಣ್ಣೀರೇ ಸರಿ ಎಂಬ ಒಂದು ಮಾತಿನಲ್ಲಿ ಮಾತ್ರ ಅವರ ನಡುವೆ ಒಮ್ಮತವಿರುವುದು ಗಮನಕ್ಕೆ ಬಂದಿರುತ್ತದೆ. ಕ್ರಿಸ್ಮಸ್ ಯಾವಾಗ, ಉಡುಗೊರೆ ತರುವವರು ಯಾರು, ಅಂದು ಏನು ತಿನ್ನಬೇಕು, ಏನು ಬಚ್ಚಿಡಬೇಕು, ಯಾವುದಕ್ಕೆ ಕೋಲಿನಿಂದ ಬಡಿಯಬೇಕು ಎಂಬ ಬಗ್ಗೆ ಇಬ್ಬರ ಮಾತು ಒಂದಾಗಿರುವುದಿಲ್ಲ.

ಕ್ರಿಸ್ಮಸ್ ಎಂದರೇನು ಎಂದು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ವಿಚಾರಿಸಲಾಯಿತು. ಬಟ್ಟೆಗಾಡಿ ತಳ್ಳುವ ಟ್ರಾಲಿ ಚಿಕ್ಕಪ್ಪನವರು, ದೇವರು ಮಗುವಾಗಿ ಕೊಟ್ಟಿಗೆಯಲ್ಲಿ ಹುಟ್ಟಿದ ದಿನ ಎಂದು ಎರಡೂ ಕೈ ಎದೆಗಿಟ್ಟುಕೊಂಡು ತಿಳಿಸಿದರು. ಇಸ್ತ್ರಿ ಮಾವನವರು, "ನಮ್ಮಲ್ಲಿ ಅವತ್ತು ರಜೆನೇ ಇಲ್ಲ ಮೇಡಂ, ಪ್ರೀತಿ ಮಾಡೋ ಜೋಡಿಗಳು ಊಟಕ್ಕೆ ಹೋಗೋ ದಿನ ಅದು" ಎಂದು ತಿಳಿಸಿ ನಾಚಿಕೊಂಡರು. ಮೇಲ್ವಿಚಾರಕರ ಸ್ವಂತ ತಿಳಿವಳಿಕೆಯ ಪ್ರಕಾರ ಕ್ರಿಸ್ಮಸ್ ಎಂದರೆ ವಾರ್ಡುಗಳಿಂದ ಹೊದಿಕೆ ಕಡಿಮೆ ಬರುವ ದಿನ. ಈ ಉತ್ತರ ಯಾರಿಗೂ ಹಿಡಿಸಲಿಲ್ಲ.

ಈಗ ಮೀನಿನ ವಿಚಾರ. ಬಾಯ್ಲರ್ ನೋಡಿಕೊಳ್ಳುವ ಅಣ್ಣನವರ ದೇಶದಲ್ಲಿ ಹಬ್ಬದ ಹಿಂದಿನ ಸಂಜೆ ಕರಿದ ಗೆಂಡೆ ಮೀನು ತಿನ್ನುವುದು ವಾಡಿಕೆ. ಅದನ್ನು ಜೀವಂತವಾಗಿಯೇ ಕೊಂಡು ತಂದು, ಹಬ್ಬ ಬರುವ ತನಕ ಮನೆಯ ಸ್ನಾನದ ತೊಟ್ಟಿಯಲ್ಲಿ ಬಿಟ್ಟಿರುತ್ತಾರೆ. ಸದರಿ ಅಣ್ಣನವರ ಬಾಡಿಗೆ ಕೋಣೆಯಲ್ಲಿ ತೊಟ್ಟಿ ಇಲ್ಲ. ಇರುವ ಷವರಿನ ಕೆಳಗೆ ಅಣ್ಣನವರೇ ಒಂದು ಭುಜ ಹೊರಗಿಟ್ಟು ನಿಲ್ಲಬೇಕಾಗುತ್ತದೆ. ಇಷ್ಟು ವರ್ಷ ಅವರು ಊರಲ್ಲಿರುವ ತಾಯಿಗೆ ಫೋನಿನಲ್ಲಿ "ಇಲ್ಲೂ ಎಲ್ಲ ಮನೆ ಥರಾನೇ ಮಾಡ್ತೀನಮ್ಮ, ಮೀನು, ತೊಟ್ಟಿ, ಎಲ್ಲ" ಎಂದು ಹೇಳುತ್ತಾ ಬಂದಿದ್ದು, ವಾಸ್ತವದಲ್ಲಿ ಒಣ ಬ್ರೆಡ್ಡು ತಿಂದು ಮಲಗುತ್ತಿದ್ದರು. ಈ ವರ್ಷ ಆ ತಾಯಿ ಮೊದಲ ಬಾರಿಗೆ ಮಗನ ಹಬ್ಬ ನೋಡಲು ಬರುತ್ತಿದ್ದಾರೆ. ಹೇಳಿದ ಸುಳ್ಳನ್ನು ನಿಜ ಮಾಡುವ ಸಲುವಾಗಿ ಅಣ್ಣನವರು ಒದ್ದೆ ಗೋಣಿಯಲ್ಲಿ ಮೀನು ತಂದು, ಖಾಲಿ ಬಿದ್ದಿದ್ದ ಮೂರನೇ ತೊಟ್ಟಿಗೆ ಬಿಟ್ಟಿರುತ್ತಾರೆ.

ಸದರಿ ಮೀನಿಗೆ ಮೀಸೆ ಇದ್ದು, ಅದು ಇಡೀ ದಿನ ಬಾಯಿ ತೆರೆದು ಮುಚ್ಚುತ್ತಾ ಏನೂ ಹೇಳದೆ ಇರುವುದರಿಂದ ಸಿಬ್ಬಂದಿ ಅದನ್ನು "ಸಾಹೇಬರು" ಎಂದು ಕರೆಯುತ್ತಿದ್ದಾರೆ. ಅನುಕೂಲಕ್ಕಾಗಿ ಈ ಸುತ್ತೋಲೆಯಲ್ಲೂ ಹಾಗೆಯೇ ನಮೂದಿಸಲಾಗಿದೆ.

ಸಾಹೇಬರ ವಿಚಾರದಲ್ಲಿ ಮೇಲ್ವಿಚಾರಕರಿಗೆ ಯಾವುದೇ ಪಕ್ಷಪಾತ ಇರುವುದಿಲ್ಲ. ಅವರು ಪ್ರತಿದಿನ ಎಲ್ಲರಿಗಿಂತ ಮುಂಚೆ ಬಂದು ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದುದು ನೀರಿನ ಮಟ್ಟದ ಪರಿಶೀಲನೆಗಾಗಿ ಮಾತ್ರ. ಪರಿಶೀಲನೆಯ ವೇಳೆ ತಮ್ಮ ಮಂಡಿನೋವಿನ ಬಗ್ಗೆ, ಎದುರು ಮನೆಯವರ ಸೊಕ್ಕಿನ ಬಗ್ಗೆ ಹಾಗೂ ಮದುವೆಯಾಗದೆ ಉಳಿದದ್ದಕ್ಕೆ ಕಾರಣಗಳ ಬಗ್ಗೆ ಗಟ್ಟಿಯಾಗಿ ಮಾತಾಡಿದ್ದು ಆಕಸ್ಮಿಕ. ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡು ಒಂದಕ್ಕೂ ಬುದ್ಧಿ ಹೇಳಲಿಲ್ಲ. ಅಂಥವರು ಸಿಗುವುದು ಅಪರೂಪ ಎಂಬುದನ್ನಷ್ಟೇ ಇಲ್ಲಿ ದಾಖಲಿಸಲಾಗಿದೆ. ಮೇಲ್ವಿಚಾರಕರನ್ನು ಬೆನ್ನ ಹಿಂದೆ "ಗಂಜಿ ಮೇಡಂ" ಎಂದು ಕರೆಯಲಾಗುತ್ತಿರುವ ವಿಷಯವನ್ನು ಪ್ರತ್ಯೇಕ ಸುತ್ತೋಲೆಯಲ್ಲಿ ನೋಡಿಕೊಳ್ಳಲಾಗುವುದು.

ಮೇಲ್ಕಂಡ ಎಲ್ಲ ಅಂಶಗಳನ್ನೂ ಯಾವ ಆತುರವೂ ಇಲ್ಲದೆ ಪರಿಶೀಲಿಸಿ, ಈ ಮುಂದಿನಂತೆ ಸೂಚಿಸಲಾಗಿದೆ:

1. ದಿನಾಂಕ: ಅಣ್ಣನವರ ಪ್ರಕಾರ ಸಾಹೇಬರನ್ನು ಕರಿಯಬೇಕಾದ ಸಂಜೆ ಇವತ್ತು. ಆದರೆ ಟ್ರಾಲಿ ಚಿಕ್ಕಪ್ಪನವರ ಚರ್ಚು ಹಳೆಯ ಕ್ಯಾಲೆಂಡರನ್ನು ಇನ್ನೂ ಬಿಟ್ಟಿಲ್ಲವಾದ್ದರಿಂದ ಅವರ ಕ್ರಿಸ್ಮಸ್ ಜನವರಿ ಏಳಕ್ಕೆ ಬರುತ್ತದೆ; ಅಲ್ಲಿಯವರೆಗೆ ಅವರಿಗೆ ಉಪವಾಸದ ವ್ರತ. "ನೀವು ಈಗಲೇ ಎಣ್ಣೆ ಕಾಯಿಸಿಬಿಟ್ರೆ ಅಲ್ಲೀ ತನಕ ನನ್ನ ಹೊಟ್ಟೆ ಏನು ಮಾಡ್ಬೇಕು?" ಎಂಬ ಅವರ ಪ್ರಶ್ನೆಯನ್ನು ಕಡತಕ್ಕೆ ಸೇರಿಸಲಾಗಿದೆ. ಇನ್ನೊಂದೆಡೆ, ಹೊದಿಕೆ ಮಡಚುವ ತಂಗಿಯವರ ದೇಶದಲ್ಲಿ ಕ್ರಿಸ್ಮಸ್ಸಿನ ಹಾಡುಗಳು ಸೆಪ್ಟೆಂಬರಿನಲ್ಲೇ ಶುರುವಾಗುತ್ತವೆ. ಸದರಿ ತಂಗಿಯವರು ಆಗಿನಿಂದಲೂ ಹಾಡುತ್ತಿದ್ದಾರೆ. ಒಬ್ಬರಿಗೆ ಹಬ್ಬ ಬಂದೇ ಇಲ್ಲ, ಇನ್ನೊಬ್ಬರಿಗೆ ಹಾಡಿ ಹಾಡಿ ಗಂಟಲು ಬಿದ್ದುಹೋಗಿದೆ. ಆದ್ದರಿಂದ ಲೋಕದ ಸಮಸ್ತ ದೇಶಗಳೂ ಒಂದೇ ದಿನಾಂಕಕ್ಕೆ ಒಪ್ಪಿ, ಒಪ್ಪಿದ್ದನ್ನು ಈ ವಿಭಾಗಕ್ಕೆ ಬರಹದಲ್ಲಿ ತಿಳಿಸುವ ತನಕ ಸಾಹೇಬರನ್ನು ಯಥಾಸ್ಥಿತಿಯಲ್ಲಿ ಈಜಲು ಬಿಡತಕ್ಕದ್ದು.

2. ದಿಂಬಿನ ಕವರುಗಳು: ಅದೇ ತಂಗಿಯವರು ತಮ್ಮ ದೇಶದಲ್ಲಿ ಪ್ರತಿ ಕಿಟಕಿಗೂ ನಕ್ಷತ್ರದ ದೀಪ ತೂಗುಹಾಕುತ್ತಾರೆಂದು ಹೇಳಿ, ದಿಂಬಿನ ಕವರುಗಳಿಂದ ನಕ್ಷತ್ರ ಮಾಡಿರುವುದು ಪತ್ತೆಯಾಗಿದೆ. ನೆಲಮಾಳಿಗೆಯಲ್ಲಿ ಕಿಟಕಿಯೇ ಇಲ್ಲದಿರುವುದು ಅವರಿಗೆ ಅಡ್ಡಿಯಾಗಿಲ್ಲ. ಉಲ್ಲೇಖ 2ಕ್ಕೆ ಇದೇ ಉತ್ತರ. ನಕ್ಷತ್ರಗಳನ್ನು ಬಿಚ್ಚಿ ಇಸ್ತ್ರಿ ಹಾಕಿ ಮೇಲಕ್ಕೆ ಕಳಿಸತಕ್ಕದ್ದು. ಮೂರನೇ ತೊಟ್ಟಿಯ ಮೇಲಿನ ಒಂದನ್ನು ಮಾತ್ರ ಬಿಚ್ಚತಕ್ಕದ್ದಲ್ಲ. ಅದರ ಬೆಳಕಿಗೆ ಸಾಹೇಬರು ಮೇಲೆ ಬರುತ್ತಾರೆ.

3. ಅತಿಥಿ ಧರ್ಮ: ಹೊಲಿಗೆಯಕ್ಕನವರ ದೇಶದಲ್ಲಿ ಹಬ್ಬದ ಹಿಂದಿನ ಸಂಜೆ ಊಟದ ಮೇಜಿನಲ್ಲಿ ಒಂದು ತಟ್ಟೆಯನ್ನು ಹೆಚ್ಚಿಗೆ ಇಟ್ಟಿರುತ್ತಾರೆ. ಕರೆಯದೆ ಬಂದವರಿಗೂ ಊಟವಿರಲಿ ಎಂಬುದು ಅದರ ಉದ್ದೇಶ. ಸಾಹೇಬರನ್ನು ಇಲ್ಲಿಗೆ ಯಾರೂ ಕರೆದಿರಲಿಲ್ಲ. ಆದ್ದರಿಂದ ಅವರು ಅತಿಥಿಗಳು. ಅತಿಥಿಗಳಿಗೆ ತಟ್ಟೆ ಇಡಲು ನಿಯಮಗಳಲ್ಲಿ ಅವಕಾಶವಿದೆ. ಅತಿಥಿಗಳನ್ನೇ ತಟ್ಟೆಯಲ್ಲಿ ಇಡಲು ಇಲ್ಲ. "ಮೀನು ಅತಿಥಿ ಅಂತ ಯಾವ ದೇಶದಲ್ಲಿ ಹೇಳ್ತಾರೆ ಮೇಡಂ?" ಎಂಬ ಅಣ್ಣನವರ ಆಕ್ಷೇಪವನ್ನು ಸ್ವೀಕರಿಸಿ ಬದಿಗಿಡಲಾಗಿದೆ.

4. ಹೇಳಿಕೆ ಪಡೆಯುವುದು: ಸದರಿ ಅಕ್ಕನವರೇ ತಿಳಿಸಿರುವಂತೆ, ಇಂದು ನಡುರಾತ್ರಿ ಪ್ರಾಣಿಗಳಿಗೆ ಮನುಷ್ಯರ ಮಾತು ಬರುತ್ತದೆಂಬ ನಂಬಿಕೆ ಅವರ ದೇಶದಲ್ಲಿದೆ. ಕರಿಯುವುದು ಸಂಜೆ, ಮಾತು ಬರುವುದು ನಡುರಾತ್ರಿ. ಸಂಬಂಧಪಟ್ಟವರ ಹೇಳಿಕೆ ಪಡೆಯದೆ ಅವರನ್ನು ಎಣ್ಣೆಗೆ ಬಿಡುವುದು ಸಹಜ ನ್ಯಾಯಕ್ಕೆ ವಿರುದ್ಧವಾಗುತ್ತದೆ. ಆದ್ದರಿಂದ:
(ಅ) ಸಾಹೇಬರಿಗೆ ಮಾತಾಡಲು ಸಾಕಷ್ಟು ಸಮಯ ಹಾಗೂ ಕೇಳುವವರಿಗೆ ಸಾಕಷ್ಟು ತಾಳ್ಮೆ ಒದಗಿಸತಕ್ಕದ್ದು.
(ಆ) ಅವರು ಅಣ್ಣನವರ ದೇಶದ ಭಾಷೆಯಲ್ಲೇ ಮಾತಾಡುವ ಸಂಭವವಿದ್ದು, ಭಾಷಾಂತರಕ್ಕೆ ಅಣ್ಣನವರನ್ನು ನೇಮಿಸತಕ್ಕದ್ದಲ್ಲ. ಅವರಿಗೆ ಸ್ವಹಿತಾಸಕ್ತಿ ಇದೆ.
(ಇ) ಸಾಹೇಬರು ಬಾಯಿ ತೆರೆದರೆ "ಆಕ್ಷೇಪಣೆ ಇದೆ" ಎಂದೂ, ತೆರೆಯದಿದ್ದರೆ "ಆಕ್ಷೇಪಣೆ ತೀವ್ರವಾಗಿದೆ" ಎಂದೂ ಪರಿಗಣಿಸತಕ್ಕದ್ದು.

5. ಪೊರಕೆಗಳು: ಕಸ ಗುಡಿಸುವ ದೊಡ್ಡಮ್ಮನವರ ದೇಶದಲ್ಲಿ ಈ ಸಂಜೆ ಮನೆಯ ಪೊರಕೆಗಳನ್ನೆಲ್ಲ ಬಚ್ಚಿಡುತ್ತಾರೆ; ಇಲ್ಲವಾದರೆ ಮಾಟಗಾತಿಯರು ಅವನ್ನು ಹತ್ತಿ ಹಾರಿಹೋಗುತ್ತಾರಂತೆ. ದೊಡ್ಡಮ್ಮನವರು ವಿಭಾಗದ ಸಮಸ್ತ ಪೊರಕೆಗಳನ್ನು, ಮುಂಜಾಗ್ರತೆಯಾಗಿ ನೆಲ ಒರೆಸುವ ಕೋಲುಗಳನ್ನು ಹಾಗೂ ಅಣ್ಣನವರ ಬೂದಿ ಸಲಿಕೆಯನ್ನು ಬಚ್ಚಿಟ್ಟಿರುತ್ತಾರೆ. ಎಲ್ಲಿ ಎಂದು ವಿಚಾರಿಸಲಾಗಿ, "ಎಷ್ಟು ಚೆನ್ನಾಗಿ ಇಟ್ಟಿದ್ದೀನಿ ಅಂದ್ರೆ ನನಗೇ ಸಿಗ್ತಿಲ್ಲ ನೋಡಿ" ಎಂದು ಹೆಮ್ಮೆಯಿಂದ ತಿಳಿಸಿದರು. ಮೀನು ಹೆರೆದರೆ ಹುರುಪೆ ಬೀಳುತ್ತದೆ, ಬಿದ್ದದ್ದನ್ನು ಗುಡಿಸಲು ಪೊರಕೆ ಬೇಕು, ಪೊರಕೆ ಇಲ್ಲ. ಆದ್ದರಿಂದ ನೈರ್ಮಲ್ಯದ ದೃಷ್ಟಿಯಿಂದಲೂ ಮೀನು ಹೆರೆಯುವುದನ್ನು ನಿಷೇಧಿಸಲಾಗಿದೆ. ಗೆಂಡೆಯ ಹುರುಪೆಯೊಂದನ್ನು ಪರ್ಸಿನಲ್ಲಿಟ್ಟುಕೊಂಡರೆ ವರ್ಷವಿಡೀ ಕೈ ಖಾಲಿಯಾಗದು ಎಂದು ಅಣ್ಣನವರು ಹೇಳಿದ್ದೇ ತಡ, ಇಡೀ ವಿಭಾಗ ತನಗೊಂದು ತನಗೊಂದು ಎಂದು ಸಾಲುಗಟ್ಟಿದೆ. ಸಾಹೇಬರು ಸ್ವಂತ ಇಚ್ಛೆಯಿಂದ ಉದುರಿಸಿದ ಹುರುಪೆಯನ್ನು ಮಾತ್ರ ಹೆಕ್ಕಿಕೊಳ್ಳತಕ್ಕದ್ದು.

6. ಒಣಗಿಸುವ ಕೋಣೆ: ದೊಡ್ಡಮ್ಮನವರ ಯಜಮಾನರು ಪಕ್ಕದ ದೇಶದವರು. ಅಲ್ಲಿ ಹಬ್ಬದೂಟಕ್ಕೆ ಮುಂಚೆ ಮನೆಮಂದಿಯೆಲ್ಲ ಬಿಸಿ ಹಬೆಯ ಕೋಣೆಯಲ್ಲಿ ಮೈಮೇಲೆ ಹೆಚ್ಚೇನೂ ಇಲ್ಲದೆ ಮೌನವಾಗಿ ಕೂರುತ್ತಾರೆ. ಸದರಿ ಯಜಮಾನರು ಹೆಂಡತಿಗೆ ಊಟದ ಡಬ್ಬಿ ಕೊಡಲು ಬಂದವರು ಒಣಗಿಸುವ ಕೋಣೆಯನ್ನು ಕಂಡು "ಅಯ್ಯೋ, ಇದು ನಮ್ಮ ಮನೆನೇ!" ಎಂದು ಆನಂದಬಾಷ್ಪ ಸುರಿಸಿ ಒಳಗೆ ಕೂತುಬಿಟ್ಟರು. ದಿಂಬಿನ ಕವರು ಹುಡುಕಿಕೊಂಡು ಬಂದ ಮುಖ್ಯ ದಾದಿಯವರು ಆ ಬಾಗಿಲನ್ನು ತೆರೆದದ್ದರ ಪರಿಣಾಮವೇ ಉಲ್ಲೇಖ 3. ಇನ್ನು ಮುಂದೆ ಒಣಗಿಸುವ ಕೋಣೆಯಲ್ಲಿ ಹಬ್ಬ ಮಾಡುವವರು ಕನಿಷ್ಠ ಒಂದು ಹೊದಿಕೆಯನ್ನು ಹೊದ್ದಿರತಕ್ಕದ್ದು. ಹೊದಿಕೆಯ ಮೇಲೆ ಆಸ್ಪತ್ರೆಯ ಮುದ್ರೆ ಹೊರಗಡೆಗೆ ಕಾಣುವಂತಿರತಕ್ಕದ್ದು.

7. ದಿಮ್ಮಿ: ಹಿಂಡುವ ಯಂತ್ರದ ಭಾವನವರ ನಾಡಿನಲ್ಲಿ ಉಡುಗೊರೆ ಕೊಡುವುದು ಮರದ ದಿಮ್ಮಿ. ಅದಕ್ಕೆ ಮುಖ ಬರೆದು, ಕಂಬಳಿ ಹೊದಿಸಿ, ದಿನವೂ ತಿನ್ನಲು ಕೊಟ್ಟು, ಹಬ್ಬ ಬಂದಾಗ ಕೋಲಿನಿಂದ ನಾಲ್ಕು ಬಿಗಿದರೆ ಕಂಬಳಿಯ ಕೆಳಗೆ ಮಿಠಾಯಿ ಹಾಕುತ್ತದೆ. ಹಾಗೆ ತಂದಿಟ್ಟ ದಿಮ್ಮಿಗೆ ಹೊದಿಸಿರುವ ಕಂಬಳಿಯು ಹೆರಿಗೆ ವಾರ್ಡಿನದು ಎಂಬುದು ಪತ್ತೆಯಾಗಿದೆ. ವಾಪಸು ಕೇಳಿದ್ದಕ್ಕೆ ಭಾವನವರು, "ಪಾಪ, ಅದಕ್ಕೆ ಚಳಿಯಾಗಲ್ವಾ?" ಎಂದರು. ನಾಳೆ ಅದಕ್ಕೆ ಹೊಡೆಯಲಿರುವವರೂ ಇವರೇ. ಉಣಿಸಿ, ಹೊದಿಸಿ, ಮುದ್ದು ಮಾಡಿದ ಮೇಲೆ ಕೈ ಎತ್ತುವ ಪದ್ಧತಿ ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಇರುವಂತೆ ತೋರುತ್ತಿದ್ದು, ಮೇಲ್ವಿಚಾರಕರು ಇದಕ್ಕೆ ತೀವ್ರ ಬೇಸರ ವ್ಯಕ್ತಪಡಿಸಿರುತ್ತಾರೆ. ದಿಮ್ಮಿಗೆ ಮೆತ್ತಗೆ ಹೊಡೆಯತಕ್ಕದ್ದು.

8. ಗೇಟಿನ ಕಾವಲುಗಾರರಿಗೆ: ಉಡುಗೊರೆ ತರುವವರು ಕೆಂಪು ಕೋಟಿನ ತಾತನವರೊಬ್ಬರೇ ಎಂದು ಕಾವಲುಗಾರರು ತಿಳಿದಿರುವುದು ತಪ್ಪು. ಕೆಲವು ದೇಶಗಳಲ್ಲಿ ಮೂವರು ಅರಸರು ಒಂಟೆಯ ಮೇಲೆ ಬರುತ್ತಾರೆ. ಒಂಟೆಗಳನ್ನು ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಕಟ್ಟಲು ಬಿಡತಕ್ಕದ್ದಲ್ಲ. ಮತ್ತೊಂದು ದೇಶದಲ್ಲಿ ಚೀಲ ಹೊತ್ತ ಮುದುಕಿಯೊಬ್ಬಳು ಬಂದು ಒಳ್ಳೆಯ ಮಕ್ಕಳಿಗೆ ಮಿಠಾಯಿ, ಕೆಟ್ಟ ಮಕ್ಕಳಿಗೆ ಇದ್ದಿಲು ಕೊಡುತ್ತಾಳೆ. ಆದ್ದರಿಂದ ಚೀಲ ಹೊತ್ತ ಅಜ್ಜಿ ಯಾರೇ ಬಂದರೂ ಹೆಸರು ಕುಲ ಕೇಳದೆ ಸೀದಾ ನೆಲಮಾಳಿಗೆಗೆ ಕಳಿಸತಕ್ಕದ್ದೆಂದು ನಿನ್ನೆಯೇ ಬಾಯಿಮಾತಿನಲ್ಲಿ ಸೂಚಿಸಲಾಗಿದ್ದು, ಇಲ್ಲಿ ಅದನ್ನು ಸ್ಥಿರೀಕರಿಸಲಾಗಿದೆ.

9. ಬದಲಿ ವ್ಯವಸ್ಥೆ: ಇಸ್ತ್ರಿ ಮಾವನವರ ದೇಶದಲ್ಲಿ ಕ್ರಿಸ್ಮಸ್ಸಿಗೆ ಜನ ಕರಿದ ಕೋಳಿ ತಿನ್ನುತ್ತಾರೆ. ವಾರಗಟ್ಟಲೆ ಮುಂಚೆ ಅಂಗಡಿಯಲ್ಲಿ ಕಾದಿರಿಸಿ, ಅಂದು ಸಾಲಿನಲ್ಲಿ ನಿಂತು ತರುತ್ತಾರೆ. ಈ ಸಂಗತಿ ಕಿವಿಗೆ ಬಿದ್ದ ಕೂಡಲೇ ಮೇಲ್ವಿಚಾರಕರು ಇಡೀ ವಿಭಾಗಕ್ಕೆ ಸಾಲುವಷ್ಟು ಕರಿದ ಕೋಳಿಯನ್ನು ತಮ್ಮ ಸ್ವಂತ ಖರ್ಚಿನಲ್ಲೇ ತರಿಸುವುದಾಗಿ ಘೋಷಿಸಿದರು. ಕೋಳಿಗೂ ನಡುರಾತ್ರಿ ಮಾತು ಬರುವುದಿಲ್ಲವೇ ಎಂದು ಹೊಲಿಗೆಯಕ್ಕನವರು ಕೇಳಿದ್ದಕ್ಕೆ, ಕರಿದ ರೂಪದಲ್ಲೇ ಬರುವ ಕೋಳಿಯ ಪ್ರಕರಣ ಈ ವಿಭಾಗದ ವ್ಯಾಪ್ತಿಗೆ ಒಳಪಡುವುದಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ.

10. ಮೇಲ್ಮನವಿ: ಖಂಡಿಕೆ 1ರಿಂದ 9ರ ಕರಡನ್ನು ಇಂದು ಬೆಳಗ್ಗೆ ಓದಿ ಹೇಳಿದಾಗ ಬಾಯ್ಲರ್ ಅಣ್ಣನವರು ಮೇಲ್ವಿಚಾರಕರ ಗಾಜಿನ ಕೋಣೆಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ, ಈ ಕೆಳಕಂಡಂತೆ ಹೇಳಿರುತ್ತಾರೆ: "ಮೇಡಂ, ನಿಮಗೆ ಆ ಮೀನಂದ್ರೆ ಪ್ರಾಣ ಅಂತ ಎಲ್ಲರಿಗೂ ಗೊತ್ತು. ನನಗೂ ಕೈ ಬರ್ತಿಲ್ಲ. ಆದ್ರೆ ಅಮ್ಮ ಅಷ್ಟು ದೂರದಿಂದ ಬರ್ತಿದ್ದಾಳೆ. ಇಷ್ಟು ವರ್ಷ ಅವಳಿಗೆ ಸುಳ್ಳು ಹೇಳಿದ್ದೀನಿ. ಮಗ ಪರದೇಶದಲ್ಲಿ ಹಬ್ಬ ಮರೆತ ಅಂತ ಅವಳಿಗೆ ಅನ್ನಿಸಬಾರದು. ಇವತ್ತು ಮೇಜಿನ ಮೇಲೆ ಮೀನಿಲ್ಲ ಅಂದ್ರೆ ನಾನು ಅವಳ ಮುಖ ಹೇಗೆ ನೋಡ್ಲಿ?"

ಈ ಮನವಿಯನ್ನು ಆಲಿಸಿದ ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು. ಅದು ಮಸುಕಾದದ್ದಕ್ಕೆ ಸೋಪಿನ ಹಬೆ ಕಾರಣವೆಂದು ಹೇಳಲಾಯಿತಾದರೂ ಗಾಜಿನ ಕೋಣೆಗೆ ಹಬೆ ಬರುವುದಿಲ್ಲ. ನಿಜ ಹೇಳುವುದಾದರೆ ಅವರಿಗೆ ನಾಚಿಕೆಯಾಯಿತು. ಒಂದು ಮೀನನ್ನು ಉಳಿಸಿಕೊಳ್ಳುವ ತಮ್ಮ ಆಸೆಗೆ ಲೋಕದ ಎಲ್ಲ ದೇಶಗಳ ಹಬ್ಬವನ್ನೂ ಅಡ್ಡ ನಿಲ್ಲಿಸಿದ್ದಾಯಿತು, ಈ ಮನುಷ್ಯನ ಹಬ್ಬವೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದ್ದರಿಂದ ಮೇಲಿನ ಒಂಬತ್ತು ಖಂಡಿಕೆಗಳಲ್ಲಿ ಏನೇ ಇದ್ದರೂ, ಅಣ್ಣನವರು ಇಂದು ಸಂಜೆ ಸಾಹೇಬರನ್ನು ಕೊಂಡೊಯ್ಯಬಹುದೆಂದು ಈ ಮೂಲಕ ಅನುಮತಿಸಲಾಗಿದೆ. ಕೊಂಡೊಯ್ಯುವಾಗ ಮೇಲ್ವಿಚಾರಕರು ಉಗ್ರಾಣದಲ್ಲಿ ಸೋಪು ಎಣಿಸುತ್ತಿರುತ್ತಾರೆ. ಅವರನ್ನು ಕರೆಯತಕ್ಕದ್ದಲ್ಲ.

11. ಖಂಡಿಕೆ 10 ಟೈಪಾಗುತ್ತಿದ್ದಾಗಲೇ ಈ ಕೆಳಕಂಡ ಘಟನೆ ನಡೆದಿರುತ್ತದೆ. ಟೈಪಾದದ್ದನ್ನು ಹೊಡೆದುಹಾಕುವ ಪದ್ಧತಿ ಇಲ್ಲದ ಕಾರಣ ಎಲ್ಲವನ್ನೂ ಹಾಗೇ ಉಳಿಸಿಕೊಂಡು ಮುಂದುವರಿಸಲಾಗಿದೆ.

ಅಣ್ಣನವರ ತಾಯಿ ಸಂಜೆಯ ಬಸ್ಸಿಗೆ ಬರಬೇಕಿದ್ದವರು ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಮಗನನ್ನು ಕೇಳಿಕೊಂಡು ಆಸ್ಪತ್ರೆಯ ಗೇಟಿಗೆ ಬಂದಾಗ, ಹೆಗಲ ಮೇಲೆ ಚೀಲ ಕಂಡ ಕಾವಲುಗಾರರು ಖಂಡಿಕೆ 8ನ್ನು ಚಾಚೂ ತಪ್ಪದೆ ಪಾಲಿಸಿ, ಸಲಾಮು ಹೊಡೆದು, "ನಾನು ಒಳ್ಳೆಯವನೇ ಅಜ್ಜಿ, ಇದ್ದಿಲು ಮಾತ್ರ ಬೇಡ" ಎಂದು ಕೈಮುಗಿದು ನೆಲಮಾಳಿಗೆಗೆ ಕಳಿಸಿದರು. ತಾಯಿಯವರಿಗೆ ಇಲ್ಲಿನ ಭಾಷೆ ಬಾರದು. ಈ ಊರಿನವರು ಬಹಳ ಮರ್ಯಾದಸ್ಥರು ಎಂದುಕೊಂಡು ಅವರು ಕೆಳಗಿಳಿದರು.

ಅದು ಚಹಾದ ಹೊತ್ತು. ಸಿಬ್ಬಂದಿಯೆಲ್ಲ ಮೂರನೇ ತೊಟ್ಟಿಯ ಸುತ್ತ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತಿದ್ದರು. ಸಾಹೇಬರು ಬಂದಂದಿನಿಂದ ಅವರು ದಿನವೂ ಹೀಗೆ ಕೂರುತ್ತಿದ್ದರಂತೆ. ಗಾಜಿನ ಕೋಣೆಯಲ್ಲಿ ಒಬ್ಬರೇ ಚಹಾ ಕುಡಿಯುವ ಮೇಲ್ವಿಚಾರಕರಿಗೆ ಇದು ತಿಳಿದಿರಲಿಲ್ಲ. ಚಿಕ್ಕಪ್ಪನವರು ಬ್ರೆಡ್ಡಿನ ಚೂರು ಹಾಕುತ್ತಿದ್ದರು. ತಂಗಿಯವರು ಹಾಡುತ್ತಿದ್ದರು. ದೊಡ್ಡಮ್ಮನವರು ಗಂಡನನ್ನು ಬೈಯುತ್ತಿದ್ದರು. ಭಾವನವರ ದಿಮ್ಮಿಗೂ ಒಂದು ಬಕೆಟ್ಟು ಹಾಕಿದ್ದರು.

ತಾಯಿಯವರು ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದರು. ಚೀಲ ಕೆಳಗಿಟ್ಟರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವರು ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಆ ಸದ್ದಿಗೆ ಮೇಲ್ವಿಚಾರಕರೂ ಕರಡನ್ನು ಕೈಯಲ್ಲೇ ಹಿಡಿದು ಗಾಜಿನ ಕೋಣೆಯಿಂದ ತೊಟ್ಟಿಯ ಬಳಿಗೆ ಬಂದರು. ಅಣ್ಣನವರು ಓಡಿಬಂದು ಅವರನ್ನು ತಬ್ಬಿಕೊಂಡು, ಸಂಜೆ ಮೀನು ಕರಿಯುತ್ತೇನೆ, ಎಲ್ಲ ಮನೆಯ ಹಾಗೇ ಇರುತ್ತದೆ ಎಂದು ಉಸಿರುಕಟ್ಟಿ ಹೇಳುತ್ತಿದ್ದರೆ ತಾಯಿಯವರು ಕೈ ಅಡ್ಡ ಹಿಡಿದು ಏನೋ ಹೇಳಿದರು. ಎಲ್ಲರೂ ಅಣ್ಣನವರ ಮುಖ ನೋಡಿದ್ದರಿಂದ ಅವರು ಭಾಷಾಂತರಿಸಬೇಕಾಯಿತು.

"ಅಯ್ಯೋ, ಆ ಮೀನು ಕರೀಬೇಡ ಕಣೋ, ಬರೀ ಮುಳ್ಳು, ಅಂತಿದ್ದಾಳೆ." ಅಣ್ಣನವರು ತಬ್ಬಿಬ್ಬಾಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದರು, ಉತ್ತರ ಬಂತು. "ಅವಳಿಗೆ ಅದು ಯಾವತ್ತೂ ಸೇರ್ತಿರಲಿಲ್ಲವಂತೆ. ಅಪ್ಪನಿಗೂ ಸೇರ್ತಿರಲಿಲ್ಲವಂತೆ. ನನಗೆ ಇಷ್ಟ ಅಂತ ಮಾಡ್ತಿದ್ಲಂತೆ." ಇಲ್ಲಿ ಅಣ್ಣನವರು ಬಕೆಟ್ಟಿನ ಮೇಲೆ ಕುಸಿದು ಕೂತರು. "ನನಗೂ ಸೇರ್ತಿರಲಿಲ್ಲ! ಅವಳು ಬೇಜಾರು ಮಾಡ್ಕೋತಾಳೆ ಅಂತ ತಿಂತಿದ್ದೆ!" ಈ ಹಂತದಲ್ಲಿ ಇಡೀ ವಿಭಾಗ ಬಿದ್ದುಬಿದ್ದು ನಕ್ಕಿದ್ದು, ನಗುವಿಗೆ ಸಾಹೇಬರು ಗಾಬರಿಯಾಗಿ ನೀರು ಚಿಮ್ಮಿಸಿ ಟೈಪಾದ ಕರಡು ಒದ್ದೆಯಾಗಿರುತ್ತದೆ.

ತಾಯಿಯವರು ತೊಟ್ಟಿಯ ಅಂಚಿಗೆ ಬಂದು ಕೂತು, ನೀರಿಗೆ ಕೈ ಇಳಿಬಿಟ್ಟು, ಈಗ ನಗದೆ ಮಾತಾಡಿದರು. ಅಣ್ಣನವರು ಅರ್ಧಕ್ಕೆ ನಿಂತುಬಿಟ್ಟರು. "ಮುಂದೆ ಹೇಳಪ್ಪಾ!" ಎಂದು ದೊಡ್ಡಮ್ಮನವರು ಗದರಿದ ಮೇಲೆ ಕಣ್ಣೊರೆಸಿಕೊಂಡು ತಾಯಿಯ ಮಾತನ್ನು ಇದ್ದದ್ದು ಇದ್ದ ಹಾಗೇ ಹೇಳಿ ಮುಗಿಸಿದರು:

"ಮೀನು ಬಚ್ಚಲಲ್ಲಿದ್ದಷ್ಟು ದಿನ ನಿಮ್ಮಪ್ಪ ಕೆಲಸದಿಂದ ಬಂದೋರು ಸೀದಾ ಬಚ್ಚಲಿಗೇ ಬರೋರು. ನೀವು ಮಕ್ಕಳು ಅಲ್ಲೇ ಇರ್ತಿದ್ರಿ. ನಾನೂ ಆಲೂಗಡ್ಡೆ ಬುಟ್ಟಿ ತಗೊಂಡು ಬಂದು ಅಲ್ಲೇ ಸುಲೀತಾ ಕೂರ್ತಿದ್ದೆ. ವರ್ಷದಲ್ಲಿ ಆ ನಾಲ್ಕು ದಿನ ಮಾತ್ರ ನಾವೆಲ್ಲ ಒಂದೇ ಕೋಣೇಲಿ ಇರ್ತಿದ್ವಿ ಕಣೋ. ನನಗೆ ಹಬ್ಬ ಅಂದ್ರೆ ಅದು. ಮೀನು ಬಾಣಲೆಗೆ ಹೋದ ತಕ್ಷಣ ಎಲ್ಲರೂ ಎದ್ದು ಅವರವರ ದಾರಿ ಹಿಡೀತಿದ್ರಿ. ಆಗ ನನಗೆ ಅಳು ಬರೋದು. ನೀನು ಫೋನಲ್ಲಿ ಎಲ್ಲ ಮನೆ ಥರಾನೇ ಇದೆ ಅಂದಾಗ ನಾನು ನಂಬಿರಲಿಲ್ಲ. ಇಲ್ಲಿ ಬಂದು ನೋಡಿದ್ರೆ ನಿಜವಾಗ್ಲೂ ಹಾಗೇ ಇದೆಯಲ್ಲೋ!"

12. ಸದರಿ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಇದರ ಮೇಲೆ ಯಾವ ದೇಶದವರದ್ದೂ ಆಕ್ಷೇಪಣೆ ಬಂದಿಲ್ಲ. ಆದ್ದರಿಂದ, ಹಿಂದಿನ ಎಲ್ಲ ಖಂಡಿಕೆಗಳನ್ನೂ ಬದಿಗೆ ಸರಿಸಿ, ಅಂತಿಮವಾಗಿ ಈ ಕೆಳಗಿನಂತೆ ಆದೇಶಿಸಲಾಗಿದೆ:
(ಅ) ಸಾಹೇಬರನ್ನು ಇಂದೂ, ಮುಂದೆಂದೂ, ಯಾವ ಕ್ಯಾಲೆಂಡರಿನ ಪ್ರಕಾರವೂ ಕರಿಯತಕ್ಕದ್ದಲ್ಲ.
(ಆ) ಚಿಕ್ಕಪ್ಪನವರ ಹಬ್ಬ ಮುಗಿಯುವ ತನಕ ಸಾಹೇಬರು ಮೂರನೇ ತೊಟ್ಟಿಯಲ್ಲೇ ಇರತಕ್ಕದ್ದು. ಬಳಿಕ ಅವರನ್ನು ಮೆರವಣಿಗೆಯಲ್ಲಿ ಕೊಂಡೊಯ್ದು, ಹೆರಿಗೆ ವಾರ್ಡಿನ ಎದುರಿನ ಕೊಳಕ್ಕೆ ಬಿಡತಕ್ಕದ್ದು. ಅಲ್ಲಿಯವರೆಗೆ ಉಳಿದೆರಡು ತೊಟ್ಟಿಗಳಲ್ಲಿ ಹಿಡಿಸದ ಬಟ್ಟೆಯನ್ನು ಮೇಲ್ವಿಚಾರಕರು ಸ್ವತಃ ಕೈಯಲ್ಲಿ ಜಾಲಿಸುವರು.
(ಇ) ಇಂದು ಸಂಜೆ ಎಲ್ಲರೂ ತಮ್ಮ ತಮ್ಮ ಊಟದೊಂದಿಗೆ ತೊಟ್ಟಿಯ ಸುತ್ತ ಸೇರತಕ್ಕದ್ದು. ಇಂದು ಹಬ್ಬ ಅಲ್ಲದವರೂ, ಎಂದೂ ಹಬ್ಬ ಮಾಡದವರೂ ಸೇರತಕ್ಕದ್ದು. ಊಟವಾದ ಮೇಲೆ ಯಾರೂ ಎದ್ದು ತಮ್ಮ ದಾರಿ ಹಿಡಿಯತಕ್ಕದ್ದಲ್ಲ. ತಾಯಿಯವರು ಸಾಕು ಎಂದ ಮೇಲೆಯೇ ಸಭೆ ಮುಗಿಯುವುದು.

13. ಮೇಲ್ವಿಚಾರಕರು ಪ್ರತಿ ವರ್ಷ ಈ ಸಂಜೆ ಗಾಜಿನ ಕೋಣೆಯ ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಮನೆಗೆ ಹೋಗಿ ನಾಳೆಯ ಬಟ್ಟೆಗೆ ಇಸ್ತ್ರಿ ಹಾಕಿಕೊಂಡು ಮಲಗುತ್ತಿದ್ದರು. ಅಲ್ಲಿ ಮಡಚಲು ಹೊದಿಕೆಯೂ ಇಲ್ಲ, ಹಾಡೂ ಇಲ್ಲ, ಬೈಯಲು ಒಬ್ಬರೂ ಇಲ್ಲ. ಇಂದು ಅವರಿಗೆ ಹೋಗಲು ಮನಸ್ಸಿಲ್ಲ. ಅದಕ್ಕಾಗಿ ಯಾರಾದರೂ ಇನ್ನೊಂದು ಬಕೆಟ್ಟನ್ನು ಬೋರಲು ಹಾಕಿ ಸ್ವಲ್ಪ ಜಾಗ ಮಾಡಿಕೊಡಬೇಕೆಂದು ಈ ಮೂಲಕ ಸೂಚಿಸಲಾಗುತ್ತಿಲ್ಲ, ಕೇಳಿಕೊಳ್ಳಲಾಗುತ್ತಿದೆ.

ಸಹಿ/-
ಮೇಲ್ವಿಚಾರಕರು
ಆಸ್ಪತ್ರೆ ಬಟ್ಟೆ ಒಗೆಯುವ ವಿಭಾಗ
(ಕೈ ಒದ್ದೆ ಇದ್ದುದರಿಂದ ಶಾಯಿ ಹರಡಿದೆ. ಸಹಿ ಅವರದೇ.)

ಪ್ರತಿಗಳು:
1. ಮುಖ್ಯ ದಾದಿಯವರಿಗೆ, ಮಾಹಿತಿಗಾಗಿ. ದಿಂಬಿನ ಕವರುಗಳ ಜೊತೆ ಕರಿದ ಕೋಳಿಯ ಒಂದು ತುಂಡನ್ನು ಲಗತ್ತಿಸಿದೆ.
2. ಗೇಟಿನ ಕಾವಲುಗಾರರಿಗೆ. ಅವರು ಒಳ್ಳೆಯವರೇ ಎಂದು ಪ್ರಮಾಣೀಕರಿಸಲಾಗಿದೆ.
3. ದೊಡ್ಡಮ್ಮನವರ ಯಜಮಾನರಿಗೆ, ಒಣಗಿಸುವ ಕೋಣೆಯ ವಿಳಾಸಕ್ಕೆ. ಬಾಗಿಲು ತಟ್ಟಿ ಕೊಡುವುದು.
4. ಹೆರಿಗೆ ವಾರ್ಡಿಗೆ, ಕಂಬಳಿ ನಾಳೆ ತಲುಪುವುದೆಂಬ ಭರವಸೆಯೊಂದಿಗೆ.
5. ಬಾಯ್ಲರ್ ಅಣ್ಣನವರ ತಾಯಿಯವರಿಗೆ, ಅವರ ಭಾಷೆಯಲ್ಲಿ. ಓದಿ ಹೇಳುವವರು ಮಧ್ಯದಲ್ಲಿ ಅಳದೆ ಓದುವುದು.
6. ಸೂಚನಾ ಫಲಕಕ್ಕೆ.
7. ಹೆಚ್ಚುವರಿ ಪ್ರತಿ ಒಂದು. ಮೇಲ್ವಿಚಾರಕರು ಮನೆಗೆ ಒಯ್ಯುವರು.